ನಡುವೆ ಬಂದ ಮಗ

(ಒಬ್ಬರು ರಂಗಶಾಲೆಯಲ್ಲಿ ಅಭಿನಯದ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬ ಅವರ ಕೈಯಲ್ಲಿ ಕಲಿತು, ಈಗ ಬೆಂಗಳೂರಿನಲ್ಲಿ ಧಾರಾವಾಹಿಗಳಲ್ಲಿ ನಟಿಸುತ್ತಿರುವ ಶಿಷ್ಯ. ಮೇಷ್ಟ್ರ ಹೆಂಡತಿಯನ್ನು ಅವನು ಅಮ್ಮ ಎಂದೇ ಕರೆಯುತ್ತಾನೆ. ಮೂರು ವರ್ಷ ದಾಟಿದ ಧಾರಾವಾಹಿಯೊಂದರಲ್ಲಿ ಹಿರಿಮಗನ ಪಾತ್ರ ಮಾಡುತ್ತಿದ್ದವರು ಬಿಟ್ಟು ಹೋದ ಮೇಲೆ ಆ ಜಾಗಕ್ಕೆ ಇವನು ಬಂದಿದ್ದಾನೆ.)

ಮೇಷ್ಟ್ರು: ನಿನ್ನ ಹತ್ತಿರ ಮುಚ್ಚುಮರೆ ಯಾಕೆ ಮಾರಾಯ, ಮೊದಲ ವಾರ ನನಗೆ ನಿನ್ನನ್ನು ನೋಡೋದಕ್ಕೇ ಆಗಲಿಲ್ಲ. ರಾತ್ರಿ ಊಟದ ಹೊತ್ತಿಗೆ ಆ ಧಾರಾವಾಹಿ ಹಾಕೋದು ನಮ್ಮ ಮನೆಯ ರೂಢಿ. ಅವತ್ತು ಹಾಕಿದರೆ ಹಿರಿಮಗನ ಕೋಣೆಯಿಂದ ನೀನು ಹೊರಗೆ ಬಂದೆ. ಕೆಳಗೆ ಒಂದು ಸಾಲು ಓಡಿತು, ಇನ್ನು ಮುಂದೆ ಈ ಪಾತ್ರವನ್ನು ಇವರು ನಿರ್ವಹಿಸಲಿದ್ದಾರೆ ಅಂತ. ನಿಮ್ಮಮ್ಮ ಟಿವಿ ಆರಿಸಿ ಎದ್ದು ಹೋದಳು, ನೀನು ನನ್ನ ಶಿಷ್ಯ ಅಂತ ಗೊತ್ತಿದ್ದೂ.

ನಟ: ಅಮ್ಮ ಎದ್ದು ಹೋಗಿದ್ದರಲ್ಲಿ ತಪ್ಪೇನಿದೆ ಸಾರ್? ಮೂರು ವರ್ಷ ದಿನಾ ಮನೆಯೊಳಗೆ ಬರ್ತಿದ್ದ ಮನುಷ್ಯ ಒಂದು ಮಾತೂ ಹೇಳದೆ ಹೋಗಿಬಿಟ್ಟ. ಅವನ ಅಂಗಿ ಹಾಕ್ಕೊಂಡು, ಅವನ ಹೆಂಡತಿಯನ್ನು ಹೆಸರು ಹಿಡಿದು ಕರೀತಾ ಇನ್ನೊಬ್ಬ ಬಂದು ಕೂತ. ಯಾರಿಗಾದರೂ ಸಂಕಟ ಆಗತ್ತೆ. ಆಗದೇ ಇದ್ದಿದ್ದರೆ ನನಗೆ ಭಯ ಆಗ್ತಿತ್ತು. ಆ ಪಾತ್ರವನ್ನು ಯಾರೂ ಅಷ್ಟು ಹಚ್ಚಿಕೊಂಡಿರಲಿಲ್ಲ ಅಂತಾಗ್ತಿತ್ತು.

ಮೇಷ್ಟ್ರು: ನಾನು ಯೋಚನೆ ಮಾಡ್ತಾ ಇದ್ದಿದ್ದು ಅದನ್ನೇ. ನಮ್ಮ ಕಡೆ ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ನೋಡಿದ ಜನ ಇನ್ನೊಂದು ಊರಿನ ಆಟದಲ್ಲಿ ಬೇರೆಯವರ ಭಸ್ಮಾಸುರ ನೋಡೋರು. ಬೆಳಗಿನ ಜಾವ ಮನೆಗೆ ನಡೆದು ಹೋಗ್ತಾ ಹೋಲಿಸೋರು, ಜಗಳವನ್ನೂ ಆಡೋರು. ಆದರೆ, ನೀನು ಭಸ್ಮಾಸುರ ಅಲ್ಲ, ಎದ್ದು ಹೋಗು ಅಂತ ಯಾವ ವೇಷಧಾರಿಗೂ ಹೇಳಲಿಲ್ಲ. ಕಂಪನಿ ನಾಟಕದಲ್ಲೂ ಅಷ್ಟೆ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಬಣ್ಣ ಹಚ್ಚಿಕೊಂಡು ಹೋಗ್ತಿದ್ದ. ಪಾತ್ರ ದೊಡ್ಡದು, ಮಾಡೋನು ಬರ್ತಾನೆ ಹೋಗ್ತಾನೆ ಅಂತ ತಿಳಿದ ಜನ ನಾವು. ಟಿವಿ ಮುಂದೆ ಕೂತ ಕೂಡಲೇ ಅದು ಎಲ್ಲಿ ಹೋಯ್ತು?

ನಟ: ಭಸ್ಮಾಸುರ ಚಿಟ್ಟಾಣಿಯವರಿಗಿಂತ ಮೊದಲೇ ಇದ್ದ ಸಾರ್. ಪುರಾಣದಲ್ಲಿದ್ದ, ಪ್ರಸಂಗದ ಪದ್ಯದಲ್ಲಿದ್ದ, ನೋಡೋ ಜನರ ತಲೆಯಲ್ಲಿದ್ದ. ಬಣ್ಣ, ಕಿರೀಟ ಸೇರಿ ಮುಖವನ್ನೇ ಮುಚ್ಚಿಬಿಡ್ತವೆ. ನಮ್ಮ ಹಿರಿಮಗ ಎಲ್ಲೂ ಇರಲಿಲ್ಲ. ಧಾರಾವಾಹಿ ಶುರು ಆಗುವಾಗ ಅವನ ಬಗ್ಗೆ ಬರೆದಿದ್ದು ಒಂದು ಪುಟ. ಜವಾಬ್ದಾರಿ ಇರೋನು, ಮಾತು ಕಮ್ಮಿ, ತಮ್ಮನ ಮೇಲೆ ಪ್ರಾಣ. ಆ ಪುಟದಿಂದ ಮನುಷ್ಯನನ್ನು ಮಾಡಿದ್ದು ಮೊದಲಿನ ನಟ. ಅವರ ಕಣ್ಣು, ಅವರ ಗಂಟಲು, ಕೋಪ ಬಂದಾಗ ಅವರು ವಾಚ್ ಬಿಚ್ಚಿ ಮೇಜಿನ ಮೇಲಿಡೋದು, ಇದೆಲ್ಲ ಸೇರಿಯೇ ಆ ಪಾತ್ರ. ಅದೂ ಕ್ಲೋಸ್ ಅಪ್‌ನಲ್ಲಿ, ಗಲ್ಲದ ಮೇಲಿನ ಮಚ್ಚೆ ಕೂಡ ಕಾಣೋ ಹಾಗೆ. ಜನ ಅವರನ್ನೂ ಪಾತ್ರವನ್ನೂ ಬೇರೆ ಮಾಡಿ ನೋಡೋದು ಹೇಗೆ?

ಮೇಷ್ಟ್ರು: ಸರಿ. ಅದನ್ನು ಗೊತ್ತಿದ್ದೂ ಯಾಕೆ ಒಪ್ಪಿಕೊಂಡೆ?

ನಟ: ಕೆಲಸ ಬೇಕಿತ್ತು, ಅದು ಮೊದಲನೆಯ ಕಾರಣ. ತಿಂಗಳಿಗೆ ಇಷ್ಟು ದಿನ ಕಾಲ್‌ಶೀಟ್ ಅಂತ ಖಾತ್ರಿಯಾದರೆ ಬಾಡಿಗೆ ಕಟ್ಟಬಹುದು. ಎರಡನೆಯದು ನೀವು ಕಲಿಸಿದ್ದು. ನಾಟಕದ ತಿರುಗಾಟದಲ್ಲಿ ಇನ್ನೊಬ್ಬರ ಪಾತ್ರಕ್ಕೆ ರಾತ್ರೋರಾತ್ರಿ ತಯಾರಾಗಿ ನಿಂತವನು ನಾನು. ಇದನ್ನೂ ಮಾಡಬಹುದು ಅನ್ನಿಸ್ತು.

ಮೇಷ್ಟ್ರು: ಪ್ಲಾಸ್ಟಿಕ್ ಸರ್ಜರಿ ಏನೂ ತೋರಿಸಲಿಲ್ಲವಲ್ಲ? ಅಪಘಾತ ಮಾಡಿಸಿ, ಮುಖಕ್ಕೆ ಬ್ಯಾಂಡೇಜ್ ಸುತ್ತಿ, ಬಿಚ್ಚಿದಾಗ ನೀನು ಬರ್ತೀಯ ಅಂತ ನಾನು ಅಂದ್ಕೊಂಡಿದ್ದೆ.

ನಟ: ಆ ಮಾತು ಬಂದಿತ್ತು. ಕೈಯಲ್ಲಿದ್ದ ಸಂಚಿಕೆಗಳು ಮುಗೀತಾ ಬಂದಿದ್ದವು, ಆಸ್ಪತ್ರೆಯ ಟ್ರ್ಯಾಕ್ ಕಟ್ಟೋದಕ್ಕೆ ಸಮಯ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನಿರ್ದೇಶಕರಿಗೆ ಅದು ಬೇಡವಾಗಿತ್ತು. ಬದಲಾದ ಮುಖವನ್ನು ಕಥೆಯಲ್ಲಿ ವಿವರಿಸೋಕೆ ಹೋದರೆ ಎಲ್ಲರೂ ಆ ಮುಖವನ್ನೇ ನೋಡ್ತಾ ಕೂರ್ತಾರೆ, ಸುಮ್ಮನೆ ಕೆಲಸಕ್ಕೆ ಹೊರಟ ಮಗನ ಹಾಗೆ ಬಂದುಬಿಡು ಅಂದರು. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಎರಡು ದಾರಿಯೂ ಹಳೆಯವೇ. ಇಂಗ್ಲೆಂಡಿನ ಬಿಬಿಸಿಯಲ್ಲಿ ‘ಡಾಕ್ಟರ್ ಹೂ’ ಅಂತ ಒಂದು ಧಾರಾವಾಹಿ. 1966ರಲ್ಲಿ ಮುಖ್ಯ ನಟ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟು ಬಿಟ್ಟಾಗ, ಈ ಪಾತ್ರದ ದೇಹವೇ ಹೊಸದಾಗಬಲ್ಲದು ಅಂತ ಕಥೆ ಕಟ್ಟಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ತಂದರು. ಆ ಉಪಾಯದಿಂದ ಅದು ಇವತ್ತಿಗೂ ಬದುಕಿದೆ. ಅಮೆರಿಕದ ‘ಬಿವಿಚ್ಡ್’ನಲ್ಲಿ ಇದಕ್ಕೆ ವಿರುದ್ಧ. ಮಾಟಗಾತಿ ಹೆಂಡತಿ, ಡ್ಯಾರಿನ್ ಅನ್ನೋ ಸಾಮಾನ್ಯ ಗಂಡ. ಗಂಡನ ಪಾತ್ರದ ಡಿಕ್ ಯಾರ್ಕ್ ಬೆನ್ನುನೋವು ತಾಳಲಾರದೆ 1969ರಲ್ಲಿ ಬಿಟ್ಟರು, ಡಿಕ್ ಸಾರ್ಜೆಂಟ್ ಬಂದರು. ಕಥೆಯಲ್ಲಿ ಅದರ ಬಗ್ಗೆ ಚಕಾರ ಇಲ್ಲ.

ಮೇಷ್ಟ್ರು: ಜನ ಒಪ್ಪಿದರಾ?

ನಟ: ಯಾವ ಡ್ಯಾರಿನ್ ಚೆಂದ ಅನ್ನೋ ವಾದ ಅಲ್ಲಿ ಇನ್ನೂ ನಿಂತಿಲ್ಲ. ಧಾರಾವಾಹಿ ಮಾತ್ರ 1972ರ ತನಕ ನಡೀತು. ನನಗೆ ಅದರಲ್ಲಿ ಹಿಡಿಸಿದ್ದು ಬೇರೆ ಸಂಗತಿ. ಅದರಲ್ಲಿ ಎಂಡೋರಾ ಅಂತ ಅತ್ತೆ. ಅಳಿಯನನ್ನು ಕಂಡರೆ ಆಗಲ್ಲ, ಅದಕ್ಕೆ ಅವನ ಹೆಸರನ್ನು ಬೇಕಂತಲೇ ತಪ್ಪಾಗಿ ಕರೀತಾಳೆ. ನಟ ಬದಲಾದ ಮೇಲೂ ಆ ಅತ್ತೆ ಹೊಸಬನನ್ನು ಅದೇ ತಾತ್ಸಾರದಲ್ಲಿ ತಪ್ಪು ಹೆಸರಿನಿಂದಲೇ ಕರೆದಳು. ಅತ್ತೆ ಹಾಗೆ ಕರೀತಾಳೆ ಅಂದಮೇಲೆ ಇವನೇ ಆ ಅಳಿಯ. ಹೊಸಬ ತಾನು ಯಾರು ಅಂತ ಸಾಬೀತು ಮಾಡಬೇಕಾಗಿಲ್ಲ. ಆಗ್ನೆಸ್ ಮೂರ್‌ಹೆಡ್ ಅನ್ನೋ ಆ ಹಿರಿಯ ನಟಿ ಅವನ ಕೆಲಸದಲ್ಲಿ ಅರ್ಧ ತಾವೇ ಮಾಡಿಕೊಟ್ಟರು.

ಮೇಷ್ಟ್ರು: ಇದು ವೇಷವಿಲ್ಲದೆ ಕೂತು ಅರ್ಥ ಹೇಳೋ ತಾಳಮದ್ದಳೆಯವರಿಗೆ ಚೆನ್ನಾಗಿ ಗೊತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಎದುರು ರಾಮನ ಅರ್ಥ ಹೇಳೋಕೆ ಕೂತವನು, ಇನ್ನೊಬ್ಬರ ವಾಲಿಯ ಎದುರು ಕೂತಾಗ ಅದೇ ರಾಮ ಆಗಿರ್ತಿರಲಿಲ್ಲ. ಎದುರಿಗಿರೋನು ನಿನ್ನನ್ನು ಯಾರು ಅಂತ ತಿಳಿದು ಮಾತಾಡ್ತಾನೋ ನೀನು ಅವನಾಗಬೇಕು.

ನಟ: ನಾನು ಇಷ್ಟು ದಿನದಲ್ಲಿ ಕಂಡುಕೊಂಡಿದ್ದೂ ಅಷ್ಟೇ ಸಾರ್. ಬಿಟ್ಟು ಹೋದವರ ಹತ್ತಿರ ಪಾತ್ರ ಸಿಗೋದಿಲ್ಲ. ಉಳಿದುಕೊಂಡವರ ಹತ್ತಿರ ಇರತ್ತೆ.

ಮೇಷ್ಟ್ರು: ಬಿಡಿಸಿ ಹೇಳು. ಮೊದಲ ದಿನ ಏನಾಯ್ತು?

ನಟ: ಮೊದಲ ದಿನ ನನಗೆ ಒಂದು ಸಾಲು ಡೈಲಾಗೂ ಇರಲಿಲ್ಲ. ಬೆಳಿಗ್ಗೆ ಏಳಕ್ಕೆ ಮದುವೆ ಆಯ್ತು.

ಮೇಷ್ಟ್ರು: ಏನು?

ನಟ: ಆ ಮನೆಯ ಹಾಲ್‌ನಲ್ಲಿ ಗೋಡೆ ಮೇಲೆ ಮದುವೆ ಫೋಟೊ ಇದೆಯಲ್ಲ, ಅದರಲ್ಲಿ ಮೊದಲಿನವರು ಇದ್ದರು. ಅದನ್ನು ಬದಲಾಯಿಸದೆ ಹಾಲ್‌ನಲ್ಲಿ ಕ್ಯಾಮರಾ ಇಡೋಹಾಗಿಲ್ಲ. ಕಾಸ್ಟ್ಯೂಮ್‌ನವರು ಅದೇ ಧಾರೆ ಸೀರೆ ಹುಡುಕಿ ತಂದಿದ್ದರು, ಬಾಸಿಂಗ ಹೊಸದು. ಹೆಂಡತಿ ಪಾತ್ರದ ನಟಿಯನ್ನು ನಾನು ಅವತ್ತೇ ಮೊದಲು ನೋಡಿದ್ದು. ನಮಸ್ಕಾರ ಅಂದೆ, ಅವರೂ ನಮಸ್ಕಾರ ಅಂದರು, ಹಾರ ಹಾಕಿದರು. ಫೋಟೊಗ್ರಾಫರ್ ಹಳೇ ಫೋಟೊವನ್ನು ಮೊಬೈಲಿನಲ್ಲಿ ಇಟ್ಟುಕೊಂಡು, ಮೇಡಂ, ಸ್ವಲ್ಪ ತಲೆ ಬಗ್ಗಿಸಿ, ಹೋದ ಸಲದ ಹಾಗೆ ಅಂದ. ಅವರ ಮುಖ ಒಂದು ಕ್ಷಣ ಬಾಡಿತು. ಆಮೇಲೆ ನಕ್ಕರು, ಹೋದ ಸಲಕ್ಕಿಂತ ಚೆನ್ನಾಗಿಯೇ. ಲೈಟ್ ಬಾಯ್ ಏಣಿ ಹತ್ತಿ ಹಳೇ ಫೋಟೊ ಇಳಿಸಿದ. ಅದನ್ನು ಎಲ್ಲಿಡಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ತಾಯಿ ಪಾತ್ರ ಮಾಡೋ ಅಮ್ಮ ಬಂದು ಅದನ್ನು ಪೇಪರಿನಲ್ಲಿ ಸುತ್ತಿ ತಮ್ಮ ಮೇಕಪ್ ರೂಮಿಗೆ ತಗೊಂಡು ಹೋದರು.

ಮೇಷ್ಟ್ರು: ಅವರು ರಂಗಭೂಮಿಯವರಲ್ವಾ?

ನಟ: ಹೌದು ಸಾರ್, ಕಂಪನಿ ನಾಟಕದ ಮನೆತನ. ನಮ್ಮ ಮೊದಲ ಸೀನ್ ಅವರ ಜೊತೆಗೇ. ಮಗ ಕೆಲಸಕ್ಕೆ ಹೊರಡ್ತಾನೆ, ತಾಯಿ ಅವನ ಕಾಲರ್ ಸರಿಮಾಡಿ ಕಳಿಸ್ತಾಳೆ. ಇದು ಸೀನ್ ಪೇಪರಿನಲ್ಲಿ ಇಲ್ಲ, ಮೂರು ವರ್ಷದಿಂದ ಅವರೇ ಮಾಡಿಕೊಂಡು ಬಂದಿದ್ದು. ಮಾಸ್ಟರ್ ಶಾಟ್. ಅವರು ಕೈ ಚಾಚಿದರು. ಕೈ ಹೋಗಿ ತಾಗಿದ್ದು ನನ್ನ ಎದೆಗೆ. ನಾನು ಮೊದಲಿನವರಿಗಿಂತ ಎತ್ತರ. ಆ ಕೈಗೆ ಅವರ ಕುತ್ತಿಗೆ ಎಷ್ಟು ಎತ್ತರದಲ್ಲಿತ್ತು ಅಂತ ಗೊತ್ತು, ನನ್ನದು ಗೊತ್ತಿಲ್ಲ. ಕೈ ಅಲ್ಲೇ ನಿಂತಿತು. ನಾನು ಬಗ್ಗೋಕೆ ಹೋದೆ. ಅವರು ಹಲ್ಲು ಕಚ್ಚಿಕೊಂಡು ಮೆಲ್ಲಗೆ, ಬಗ್ಗಬೇಡ ಅಂದರು. ಆಮೇಲೆ ಹಿಮ್ಮಡಿ ಎತ್ತಿ, ಕಾಲರ್ ಹಿಡಿದು ಎಳೆದು, ಬರೆದಿರದ ಒಂದು ಮಾತು ಸೇರಿಸಿದರು: ಎಷ್ಟು ಬೆಳೀತೀಯೋ, ನನ್ನ ಕೈಗೇ ಸಿಗ್ತಿಲ್ಲ.

ಮೇಷ್ಟ್ರು: ಆ ಮಾತು ನಾನು ಕೇಳಿದ್ದೇನೆ! ಮಾರನೇ ವಾರ ಅದನ್ನು ಕೇಳಿಯೇ ನಿಮ್ಮಮ್ಮ ಮತ್ತೆ ಕೂತಿದ್ದು. ತಾಯಿಗೇ ಅವನು ಮಗ ಅನ್ನಿಸಿದ ಮೇಲೆ ನಮ್ಮದೇನು ಅಂದಳು.

ನಟ: ಅಷ್ಟೇ ಸಾರ್. ನಾನು ತಿಂಗಳುಗಟ್ಟಲೆ ಹೆಣಗಿದ್ದರೂ ಆಗದೇ ಇದ್ದಿದ್ದನ್ನು ಅವರು ಆ ಒಂದು ಸಾಲಿನಲ್ಲಿ ಮಾಡಿದರು. ಅವತ್ತು ರಾತ್ರಿ ನಾನು ಹಳೇ ಸಂಚಿಕೆಗಳನ್ನು ಆ್ಯಪ್‌ನಲ್ಲಿ ಹಾಕಿಕೊಂಡು ಕೂತೆ. ಮೊದಲಿನ ನಟರನ್ನು ನೋಡಲಿಲ್ಲ. ನೋಡಿದರೆ ಅವರ ನಡಿಗೆ ನನ್ನ ಕಾಲಿಗೆ ಬಂದುಬಿಡ್ತಿತ್ತು. ಉಳಿದವರ ರಿಯಾಕ್ಷನ್ ಮಾತ್ರ ನೋಡಿದೆ. ಅಣ್ಣ ಒಳಗೆ ಬಂದ ಕೂಡಲೇ ತಂಗಿ ಫೋನ್ ಕೆಳಗಿಡ್ತಾಳೆ. ತಮ್ಮ ಅವನ ಎದುರು ಮಾತಾಡುವಾಗ ಒಂದು ಸಲವೂ ಪೂರ್ತಿ ತಲೆ ಎತ್ತಲ್ಲ. ಹೆಂಡತಿ ಬೇರೆ ಯಾರ ಜೊತೆಗೂ ಅಷ್ಟು ಜೋರಾಗಿ ನಗಲ್ಲ. ಅಪ್ಪ ಮಾತ್ರ ಅವನು ಬಂದಾಗ ಪೇಪರ್ ಮೇಲೆತ್ತಿ ಮುಖ ಮುಚ್ಚಿಕೊಳ್ತಾರೆ. ಅವನು ಎಂಥವನು ಅಂತ ತಿಳಿಯೋಕೆ ಇದಕ್ಕಿಂತ ಏನು ಬೇಕು?

ಮೇಷ್ಟ್ರು: ಇದು ನಾನು ನಿನಗೆ ಕಲಿಸಿದ ಪಾಠ ಅಲ್ಲ. ನಾನು ಪಾತ್ರದ ಒಳಗಿನಿಂದ ಹೊರಡು ಅಂತಿದ್ದೆ.

ನಟ: ಒಳಗಿನದೂ ಬೇಕು ಸಾರ್. ಆದರೆ ಇಲ್ಲಿ ಒಂದು ತೊಡಕಿದೆ. ಆ ಪಾತ್ರಕ್ಕೆ ಈಗ ನೆನಪಿಲ್ಲ.

ಮೇಷ್ಟ್ರು: ಹಾಗಂದರೆ?

ನಟ: ಧಾರಾವಾಹಿಯಲ್ಲಿ ಭಾವನೆ ಏರಿಸಬೇಕಾದಾಗ ಫ್ಲ್ಯಾಶ್‌ಬ್ಯಾಕ್ ಹಾಕ್ತಾರೆ. ಜಾತ್ರೆಯಲ್ಲಿ ಹೆಂಡತಿಗೆ ಬಳೆ ಕೊಡಿಸಿದ್ದು, ಅಪ್ಪನಿಗೆ ಎದೆನೋವು ಬಂದ ರಾತ್ರಿ. ಅದರಲ್ಲೆಲ್ಲ ಹಳೇ ಮುಖ. ಇನ್ನು ಅದನ್ನು ತೋರಿಸೋಹಾಗಿಲ್ಲ. ಮೂರು ವರ್ಷದ ಅವನ ಬದುಕು ಒಂದೇ ದಿನದಲ್ಲಿ ಬಳಸಲಾಗದ ಫುಟೇಜ್ ಆಯ್ತು. ಈಗ ಆ ಬಳೆಯ ವಿಷಯ ಬೇಕು ಅಂದರೆ ನಾವಿಬ್ಬರೂ ಮಾತಿನಲ್ಲೇ ಹೇಳಬೇಕು. ನನಗೆ ಅದು ಕಷ್ಟ, ಯಾಕೆಂದರೆ ನಾನು ಆ ಜಾತ್ರೆಗೆ ಹೋಗೇ ಇಲ್ಲ. ಆ ನಟಿ ಹೋಗಿದ್ದಾರೆ. ಲೈಟಿಂಗ್ ಆಗೋವರೆಗೆ ಕೂತು ಅವರು ನನಗೆ ಆ ದಿನ ಹೇಳಿದರು. ಬಿಸಿಲು ಹೇಗಿತ್ತು, ಬಳೆಯಂಗಡಿಯವನು ನಿಜವಾದ ಅಂಗಡಿಯವನೇ, ದುಡ್ಡು ತಗೊಳ್ಳೋಕೆ ಒಪ್ಪಲಿಲ್ಲ ಅಂತೆಲ್ಲ. ಶಾಟ್‌ನಲ್ಲಿ ನಾನು ಅದನ್ನೇ ನೆನಪಿಸಿಕೊಂಡೆ. ಅದು ಅವರ ನೆನಪು, ನನಗೆ ಕಡ ಕೊಟ್ಟರು.

ಮೇಷ್ಟ್ರು: ಅವಳ ಕಷ್ಟ ಯಾರಾದರೂ ಕೇಳಿದರಾ?

ನಟ: ಯಾರೂ ಕೇಳಲಿಲ್ಲ ಸಾರ್, ನನಗೆ ಬೇಸರ ಇರೋದು ಅದೇ. ಬಿಟ್ಟು ಹೋದವರ ಬಗ್ಗೆ ಸುದ್ದಿ ಬರತ್ತೆ, ಯಾಕೆ ಬಿಟ್ಟರು, ಸಿನಿಮಾ ಯಾವುದು ಅಂತ. ಬಂದವನ ಬಗ್ಗೆಯೂ ಬರತ್ತೆ. ನಡುವೆ ಸೀನ್ ಒಂದೂ ನಿಲ್ಲದ ಹಾಗೆ ಎರಡೂ ಕಡೆ ಹೊತ್ತವರ ಬಗ್ಗೆ ಒಂದು ಸಾಲಿಲ್ಲ. ಅವರಿಗೂ ಒಬ್ಬ ಗೆಳೆಯ ಹೋಗಿದ್ದಾನೆ. ಮಧ್ಯಾಹ್ನ ಊಟಕ್ಕೆ ಒಟ್ಟಿಗೆ ಕೂರ್ತಿದ್ದವರು, ಒಬ್ಬರ ಮನೆಯ ಹುಳಿ ಇನ್ನೊಬ್ಬರು ತಿಂತಿದ್ದವರು. ಮಾರನೇ ದಿನವೇ ಬೇರೊಬ್ಬನನ್ನು ಗಂಡ, ಅಣ್ಣ ಅಂತ ಕರೀಬೇಕು, ಕಣ್ಣಲ್ಲಿ ಅದೇ ಪ್ರೀತಿ ಬರಬೇಕು. ಇಷ್ಟು ಕಷ್ಟದ ಅಭಿನಯ ಇನ್ನೊಂದಿಲ್ಲ ಅಂತ ನಾನು ನಿಜವಾಗಿ ನಂಬ್ತೀನಿ. ಹೊಸಬನಿಗೆ ಬೇಕಾಗಿರೋದು ಧೈರ್ಯ, ಅವರಿಗೆ ಬೇಕಾಗಿರೋದು ಔದಾರ್ಯ.

ಮೇಷ್ಟ್ರು: ನೋಡೋರ ಕಡೆಯಿಂದ ಹೇಳೋದಾದರೆ, ಹಿಂದಿಯ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ ನೆನಪಾಗ್ತಿದೆ. 2001ರ ಶುರುವಿನಲ್ಲಿ ನಾಯಕ ಮಿಹಿರ್ ಸತ್ತ ಅಂತ ತೋರಿಸಿದಾಗ ಜನ ಎಬ್ಬಿಸಿದ ಗದ್ದಲಕ್ಕೆ ಅವನನ್ನು ಮತ್ತೆ ಬದುಕಿಸಬೇಕಾಯ್ತು. ಅಮರ್ ಉಪಾಧ್ಯಾಯ್ ಬಿಟ್ಟ ಮೇಲೆ ರೋನಿತ್ ರಾಯ್ ವರ್ಷಗಟ್ಟಲೆ ಮಿಹಿರ್ ಆಗಿದ್ದರು.

ನಟ: 2025ರಲ್ಲಿ ಅದು ಮತ್ತೆ ಶುರುವಾದಾಗ ಮಿಹಿರ್ ಆಗಿ ಬಂದಿದ್ದು ಮೊದಲಿನ ಅಮರ್ ಉಪಾಧ್ಯಾಯ್. ನೋಡುವವರ ನೆನಪು ಅಷ್ಟು ಉದ್ದ. ನಮ್ಮಲ್ಲೂ ‘ಲಕ್ಷ್ಮಿ ಬಾರಮ್ಮ’ ಇದೆಯಲ್ಲ. 2013ರಲ್ಲಿ ಈಟಿವಿ ಕನ್ನಡದಲ್ಲಿ ಶುರುವಾಗಿದ್ದು. ನಾಯಕ ಚಂದನ್ ಕುಮಾರ್ ಹೋಗಿ ಶೈನ್ ಶೆಟ್ಟಿ ಬಂದರು, ಚಿನ್ನು ಪಾತ್ರದಲ್ಲಿ ಕವಿತಾ ಗೌಡ ಹೋಗಿ ರಶ್ಮಿ ಪ್ರಭಾಕರ್ ಬಂದರು. ಚಾನೆಲಿನ ಹೆಸರೇ ಕಲರ್ಸ್ ಕನ್ನಡ ಅಂತ ಬದಲಾಯ್ತು. ಜನ ನೋಡಿದರು. ನೋಡಿದರು ಅಂತ ಹೇಳೋದು ಸುಲಭ. ಪ್ರತಿ ಗುರುವಾರ ಟಿಆರ್‌ಪಿ ಬರೋವರೆಗೆ ಆ ಹೊಸಬರು ಹೇಗೆ ಕಾದಿರ್ತಾರೆ ಅಂತ ನನಗೆ ಈಗ ಗೊತ್ತಾಗಿದೆ. ಅಂಕಿ ಇಳಿದರೆ ಕಥೆ ಕೆಟ್ಟಿತು ಅಂತ ಯಾರೂ ಅನ್ನಲ್ಲ, ಹೊಸ ಮುಖ ಒಗ್ಗಲಿಲ್ಲ ಅಂತಾರೆ.

ಮೇಷ್ಟ್ರು: ನಿನಗೆ ಯಾರಾದರೂ ಎದುರಿಗೇ ಅಂದಿದ್ದಾರಾ?

ನಟ: ಹಾಸನದ ಹತ್ತಿರ ಒಂದು ಮದುವೆಯಲ್ಲಿ ಅಜ್ಜಿಯೊಬ್ಬರು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ನೀನೂ ಚೆನ್ನಾಗಿ ಮಾಡ್ತೀಯ ಕಣಪ್ಪ, ಆದರೆ ಆ ಹುಡುಗ ಎಲ್ಲಿ, ಆರಾಮಾಗಿದಾನಾ ಅಂತ ಕೇಳಿದರು. ಆರಾಮಾಗಿದ್ದಾರೆ ಅಜ್ಜಿ, ಸಿನಿಮಾ ಮಾಡ್ತಿದ್ದಾರೆ ಅಂದೆ. ಸದ್ಯ, ಏನೋ ಆಗಿಬಿಟ್ಟಿತೇನೋ ಅಂದ್ಕೊಂಡಿದ್ದೆ ಅಂತ ನಿಟ್ಟುಸಿರು ಬಿಟ್ಟರು. ಅವರ ಕಾಳಜಿ ಇದ್ದಿದ್ದು ನಾನು ಹೇಗೆ ಮಾಡ್ತೀನಿ ಅನ್ನೋದರಲ್ಲಿ ಅಲ್ಲ. ಆ ಮನುಷ್ಯ ಕ್ಷೇಮವಾಗಿದ್ದಾನಾ ಅಂತ ಅವರಿಗೆ ಗೊತ್ತಾಗಬೇಕಿತ್ತು, ನಾವು ಯಾರೂ ಹೇಳಿರಲಿಲ್ಲ. ಆ ಅಜ್ಜಿಗೆ ನಾವು ಮಾಡಿದ್ದು ಅನ್ಯಾಯ ಸಾರ್. ಒಂದು ಸಾಲು ಓಡಿಸಿ ಹೊಸಬನ ಹೆಸರು ಹೇಳ್ತೀವಿ. ಹೋದವರ ಹೆಸರು ಅದರಲ್ಲಿರಲ್ಲ, ಅವರು ಯಾಕೆ ಹೋದರು ಅಂತಲೂ ಇರಲ್ಲ.

ಮೇಷ್ಟ್ರು: ನೀನು ಅವನ ಜೊತೆ ಮಾತಾಡಿದೆಯಾ?

ನಟ: ಫೋನ್ ಮಾಡಿದ್ದೆ. ತುಂಬ ಒಳ್ಳೆಯವರು. ಪಾತ್ರದ ಬಗ್ಗೆ ಸಲಹೆ ಏನೂ ಕೊಡಲಿಲ್ಲ. ತಾಯಿ ಪಾತ್ರದ ಅಮ್ಮನಿಗೆ ಮಂಡಿನೋವು ಇದೆ, ಮೆಟ್ಟಿಲ ಸೀನ್ ಇದ್ದರೆ ಕೈ ಹಿಡ್ಕೊ ಅಂದರು.

ಮೇಷ್ಟ್ರು: ಅದೇ ದೊಡ್ಡ ಸಲಹೆ. ನಿನ್ನೆಯ ಸಂಚಿಕೆಯಲ್ಲಿ ಹಿಡಿದಿದ್ದೆಯಲ್ಲ, ನಾನು ನೋಡಿದೆ. ಆ ಮಗ ತಾಯಿಯ ಕೈ ಹಿಡಿದು ಮೆಟ್ಟಿಲು ಇಳಿಸೋದು ಮೊದಲಿನಿಂದಲೂ ಇತ್ತು. ಹಿಂದೆ ಯಾವತ್ತೂ ನನಗೆ ಅದು ಅಭಿನಯ ಅನ್ನಿಸಿರಲಿಲ್ಲ, ನಿನ್ನೆಯೂ ಅನ್ನಿಸಲಿಲ್ಲ. ಈಗ ಹೇಳು, ಅವನ ಹಾಗೆ ಮಾಡಬೇಕು ಅಂತ ಚಾನೆಲಿನವರು ಒತ್ತಾಯ ಮಾಡಲ್ವಾ?

ನಟ: ಮೊದಲ ದಿನಗಳಲ್ಲಿ ಇತ್ತು. ವಾಚ್ ಬಿಚ್ಚಿಡೋದು ಮಾಡಿ, ಜನಕ್ಕೆ ಇಷ್ಟ ಅಂದರು. ಮಾಡಿ ನೋಡಿದೆ. ಕೈ ವಾಚಿನ ಹತ್ತಿರ ಹೋಯ್ತು, ಕೋಪ ಬರಲಿಲ್ಲ. ನಿರ್ದೇಶಕರೇ ಕಟ್ ಹೇಳಿ, ಬೇಡ ಬಿಡಿ ಅಂದರು. ಈಗ ನಾನು ಕೋಪ ಬಂದಾಗ ಏನೂ ಮಾಡಲ್ಲ, ಸುಮ್ಮನೆ ನಿಲ್ತೀನಿ. ತಂಗಿ ಪಾತ್ರದ ಹುಡುಗಿ ಹೆದರಿ ಒಂದು ಹೆಜ್ಜೆ ಹಿಂದೆ ಹೋಗ್ತಾಳೆ. ಕ್ಯಾಮರಾ ಅವಳ ಮೇಲೆ ಇರತ್ತೆ. ಕೋಪ ಅಲ್ಲಿ ಕಾಣತ್ತೆ.

ಮೇಷ್ಟ್ರು: ಕಲಿಯೋ ಮಕ್ಕಳಿಗೆ ಇದನ್ನು ನೀನೇ ಬಂದು ಹೇಳಬೇಕು. ಈಗ ರಂಗಶಾಲೆಗಳಿಂದ ಹೊರಬರೋ ಹುಡುಗ ಹುಡುಗಿಯರಲ್ಲಿ ಸುಮಾರು ಜನ ಕಿರುತೆರೆಗೇ ಬರ್ತಾರೆ, ನಡುವೆ ಸೇರೋ ಸಂದರ್ಭ ಅವರಿಗೂ ಬಂದೇ ಬರತ್ತೆ. ಅದಕ್ಕೆ ತಯಾರಿ ನಮ್ಮ ಪಠ್ಯದಲ್ಲಿಲ್ಲ.

ನಟ: ಬರ್ತೀನಿ ಸಾರ್. ಅದಕ್ಕಿಂತ ಮೊದಲು ನಿರ್ಮಾಪಕರ ಹತ್ತಿರ ಕೇಳಬೇಕಾದ ಎರಡು ವಿಷಯ ಇವೆ. ಹೊಸಬ ಬರುವಾಗ ಒಂದು ದಿನ, ಒಂದೇ ದಿನ, ಕ್ಯಾಮರಾ ಇಲ್ಲದೆ ಇಡೀ ತಂಡದ ಜೊತೆ ಕೂರೋಕೆ ಬಿಡಬೇಕು. ಉಳಿದವರಿಗೂ ಅದು ಬೇಕು. ಒಂದು ದಿನದ ಶೂಟಿಂಗ್ ಖರ್ಚು ಎಷ್ಟು ಅಂತ ನನಗೆ ಗೊತ್ತು, ಆದರೂ ಕೇಳ್ತೀನಿ.

ಮೇಷ್ಟ್ರು: ಇನ್ನೊಂದು?

ನಟ: ಧಾರಾವಾಹಿ ಮುಗಿಯೋ ದಿನ ಕೇಕ್ ಕತ್ತರಿಸಿ ಎಲ್ಲರ ಹೆಸರೂ ಹಾಕ್ತಾರೆ. ಅವತ್ತು ಇರೋರ ಹೆಸರು ಮಾತ್ರ ಇರತ್ತೆ. ಮೊದಲ ಮೂರು ವರ್ಷ ಆ ಪಾತ್ರ ಮಾಡಿದವರ ಹೆಸರು ನನ್ನ ಹೆಸರಿಗಿಂತ ಮೇಲೆ ಬರಬೇಕು. ನಮ್ಮ ಧಾರಾವಾಹಿಯಲ್ಲಿ ಮಾತ್ರ ಅಲ್ಲ, ಎಲ್ಲ ಧಾರಾವಾಹಿಗಳಲ್ಲೂ. ಟೈಟಲ್ ಕಾರ್ಡಿಗೆ ಒಂದು ಸಾಲು ಸೇರಿಸೋಕೆ ಖರ್ಚೂ ಇಲ್ಲ. ನಾವು ಒಳಗಿನವರು ಕೇಳಿದರೆ ಅದು ಒಬ್ಬ ನಟನ ಮಾತು ಅಷ್ಟೇ ಆಗತ್ತೆ. ನೀವು, ಅಮ್ಮ, ಹಾಸನದ ಆ ಅಜ್ಜಿ, ನೋಡೋ ಎಲ್ಲರೂ ಚಾನೆಲಿಗೆ ಬರೆದು ಕೇಳಬೇಕು. ನೀವು ಕೇಳಿದರೆ ಹಾಕ್ತಾರೆ.